ಗೆದ್ದವರು ನಮ್ಮವರಾದರೆ?



ಹೋದ ವಾರ ಇದೇ ಸ್ಟುಡಿಯೋದಲ್ಲಿ ಒಂದು ಡಿಬೇಟ್ ನಡೆಯಿತು, ನೋಡಿದವರಿಗೆ ನೆನಪಿರುತ್ತೆ. ಲಂಡನ್ನಿನ ಮ್ಯೂಸಿಯಂಗಳಲ್ಲಿ ಇರುವ ನಮ್ಮ ವಸ್ತುಗಳು ವಾಪಸ್ ಬರಬೇಕೋ ಬೇಡವೋ ಅನ್ನೋದು ವಿಷಯ. ಹತ್ತನೇ ನಿಮಿಷಕ್ಕೆ ಚರ್ಚೆ ಎಲ್ಲಿಗೆ ಬಂದು ನಿಂತಿತು? ಯಾವಾಗಲೂ ನಿಲ್ಲುವ ಸ್ಟೇಷನ್ನಿಗೇ. ರೈಲು! ಬ್ರಿಟಿಷರು ಬರದೇ ಇದ್ದಿದ್ರೆ ನಮಗೆ ರೈಲು ಎಲ್ಲಿತ್ತು, ಕೋರ್ಟು ಎಲ್ಲಿತ್ತು ಅಂತ ಒಬ್ಬ ಅತಿಥಿ. ರೈಲು ಕೊಟ್ಟರು ಸರಿ, ಮನೆಯಲ್ಲಿದ್ದದ್ದನ್ನೆಲ್ಲ ಅದೇ ರೈಲಿಗೆ ಹೇರಿಕೊಂಡು ಹೋದರಲ್ಲ ಅಂತ ಇನ್ನೊಬ್ಬರು. ನಾನು ಇಬ್ಬರ ಮಧ್ಯೆ ಬೆಂಕಿ ಆರದ ಹಾಗೆ ನೋಡಿಕೊಂಡು ಬ್ರೇಕ್ ತಗೊಂಡೆ. ಅದು ನನ್ನ ಕೆಲಸ.

ಕಾರ್ಯಕ್ರಮ ಮುಗಿದ ಮೇಲೆ ಒಂದು ಮೆಸೇಜ್ ಬಂತು. ಕಳಿಸಿದವರು ಬೆಂಗಳೂರಿನಲ್ಲೇ ಹುಟ್ಟಿ ಬೆಳೆದವರು, ಮನೆಮಾತು ತಮಿಳು, ನಮ್ಮ ಕಾರ್ಯಕ್ರಮವನ್ನು ತಪ್ಪದೆ ನೋಡುವವರು. ಬೈಗುಳ ಇರಲಿಲ್ಲ. ಬೈದಿದ್ದರೆ ಸುಲಭವಾಗ್ತಿತ್ತು, ಓದಿ ಡಿಲೀಟ್ ಮಾಡ್ತಿದ್ದೆ. ಅವರು ಕೇಳಿದ್ದು ಇಷ್ಟೇ: ಎರಡು ತಿಂಗಳ ಹಿಂದೆ ನೀವು ಚಾಲುಕ್ಯರ ಮೇಲೆ ವಿಶೇಷ ಕಾರ್ಯಕ್ರಮ ಮಾಡಿದಿರಿ, ಕಂಚಿಯನ್ನು ಮೂರು ಸಲ ಗೆದ್ದ ಕನ್ನಡಿಗ ಅಂತ ಪರದೆ ತುಂಬಾ ದಪ್ಪಕ್ಷರ ಹಾಕಿದಿರಿ, ಹಿಂದೆ ಕತ್ತಿಯ ಸದ್ದು ಬೇರೆ. ಮೊನ್ನೆ ಬ್ರಿಟಿಷರನ್ನು ಲೂಟಿಕೋರರು ಅಂದಿರಿ. ಎರಡಕ್ಕೂ ವ್ಯತ್ಯಾಸ ಏನು ಸರ್?

ಉತ್ತರ ಟೈಪ್ ಮಾಡಿದೆ, ಅಳಿಸಿದೆ. ಹೀಗೆ ನಾಲ್ಕು ಸಲ ಆಯಿತು. ಇವತ್ತಿನ ಈ ಮಾತುಗಳೇ ಆ ಉತ್ತರ ಅಂತ ಅವರು ತಿಳಿದುಕೊಳ್ಳಲಿ.

ಮೊದಲು ಆ ರೈಲನ್ನು ಪ್ಲಾಟ್‌ಫಾರ್ಮ್ ಬಿಡಿಸಿಬಿಡ್ತೀನಿ. ನಾನು ಓದಿದ್ದು ಎಂಜಿನಿಯರಿಂಗ್. ಯಾವ ಪ್ರಾಜೆಕ್ಟ್ ಆದರೂ ಖರ್ಚೆಷ್ಟು, ಲಾಭವೆಷ್ಟು, ಕಳೆದರೆ ಉಳಿಯೋದೆಷ್ಟು ಅಂತ ನೋಡೋದನ್ನು ನಮಗೆ ಕಲಿಸ್ತಾರೆ. ಸಾಮ್ರಾಜ್ಯಗಳ ಬಗ್ಗೆ ಮಾತಾಡುವವರೆಲ್ಲ ಇದೇ ಲೆಕ್ಕ ಹಾಕೋದು. ಒಂದು ತಕ್ಕಡಿಗೆ ರೈಲು, ಇನ್ನೊಂದಕ್ಕೆ ಲೂಟಿ. ಬೆಂಗಳೂರು ದಂಡಿಗೆ ರೈಲು ಬಂದದ್ದು 1864ರಲ್ಲಿ. ಮೈಸೂರು ಸಂಸ್ಥಾನ ಆಗ ಬ್ರಿಟಿಷ್ ಕಮಿಷನರುಗಳ ಕೈಯಲ್ಲಿತ್ತು, 1831ರಿಂದ 1881ರವರೆಗೆ ಐವತ್ತು ವರ್ಷ. ಆ ಆಳ್ವಿಕೆಯ ಕೊನೆಯ ಭಾಗದಲ್ಲೇ, 1876ರಿಂದ 78ರವರೆಗೆ, ಮಹಾ ಕ್ಷಾಮ. ಜನಗಣತಿ ನೋಡಿ. 1871ರಲ್ಲಿ ಸಂಸ್ಥಾನದ ಜನಸಂಖ್ಯೆ 50 ಲಕ್ಷದ 55 ಸಾವಿರ. 1881ರಲ್ಲಿ 41 ಲಕ್ಷದ 86 ಸಾವಿರ. ಹತ್ತು ವರ್ಷದಲ್ಲಿ ಹೆಚ್ಚಬೇಕಾಗಿದ್ದ ಜನ ಎಂಟೂವರೆ ಲಕ್ಷಕ್ಕಿಂತ ಜಾಸ್ತಿ ಕಮ್ಮಿಯಾದರು. ಆ ರೈಲು ಕಂಪನಿಗಳಿಗೆ ಹಣ ಹಾಕಿದ ಇಂಗ್ಲೆಂಡಿನ ಷೇರುದಾರರಿಗೆ ಶೇಕಡಾ 5ರ ಬಡ್ಡಿ ಗ್ಯಾರಂಟಿ ಇತ್ತು. ಲಾಭ ಬರಲಿ ಬಿಡಲಿ, ಕೊಡೋದು ನಮ್ಮ ರೈತನ ಕಂದಾಯದಿಂದ.

ಇನ್ನೊಂದು ಕಡೆ ಜಪಾನಿನಲ್ಲಿ 1872ರಲ್ಲಿ ಟೋಕಿಯೋದಿಂದ ಯೊಕೊಹಾಮಾಕ್ಕೆ ಮೊದಲ ರೈಲು ಓಡಿತು. ಎಂಜಿನಿಯರುಗಳು ಬ್ರಿಟಿಷರೇ, ಸಾಲ ಎತ್ತಿದ್ದೂ ಲಂಡನ್ನಿನಲ್ಲೇ. ಆದರೆ ಜಪಾನನ್ನು ಯಾರೂ ಗೆದ್ದಿರಲಿಲ್ಲ. ದುಡ್ಡು ಕೊಟ್ಟು ತರಿಸಿಕೊಂಡರು, ಅಷ್ಟೆ. ಹಾಗಾಗಿ ಗೆಲ್ಲದೇ ಇದ್ದಿದ್ರೆ ರೈಲೇ ಬರ್ತಿರಲಿಲ್ಲ ಅನ್ನುವ ವಾದ ಅಲ್ಲಿಗೇ ಬಿದ್ದುಹೋಗುತ್ತೆ.

ಇಷ್ಟು ಹೇಳಿ ಮುಗಿಸಿದ್ದರೆ ನಿಮಗೂ ಖುಷಿ, ನನಗೂ ಖುಷಿ. ನನಗೆ ಬಂದ ಪ್ರಶ್ನೆ ಮಾತ್ರ ಇದಲ್ಲ. ಅದು ನಮ್ಮ ಬಗ್ಗೆ.

ಹಾಗಾದ್ರೆ ಬಾದಾಮಿಗೆ ಬನ್ನಿ. ಐಹೊಳೆಯ ಮೇಗುತಿ ಗುಡಿಯ ಗೋಡೆಯ ಮೇಲೆ ಕ್ರಿ.ಶ. 634ರ ಒಂದು ಶಾಸನ ಇದೆ. ಬರೆದವನು ರವಿಕೀರ್ತಿ ಅನ್ನುವ ಕವಿ. ತನ್ನ ದೊರೆ ಇಮ್ಮಡಿ ಪುಲಕೇಶಿ ಯಾರ‍್ಯಾರನ್ನು ಬಗ್ಗುಬಡಿದ, ಹರ್ಷನ ಹರ್ಷವನ್ನು ಹೇಗೆ ಇಳಿಸಿದ, ಪಲ್ಲವ ರಾಜ ಹೇಗೆ ಕಂಚಿಯ ಕೋಟೆಗೋಡೆಯ ಹಿಂದೆ ಅಡಗಿ ಕೂತ ಅಂತ ಸಂಸ್ಕೃತದಲ್ಲಿ ಹೊಗಳಿ, ಕೊನೆಗೆ ತಾನು ಕಾಳಿದಾಸ ಭಾರವಿಗಳಿಗೆ ಸಮ ಅಂತ ತನ್ನನ್ನೂ ಹೊಗಳಿಕೊಂಡ. ಇದಾಗಿ ಎಂಟೇ ವರ್ಷ. 642ರಲ್ಲಿ ಪಲ್ಲವ ನರಸಿಂಹವರ್ಮ ಬಂದು ಬಾದಾಮಿಯನ್ನೇ ಹಿಡಿದ. ವಾತಾಪಿಕೊಂಡ ಅಂತ ಬಿರುದು ಇಟ್ಟುಕೊಂಡ. ಅವನ ಶಾಸನ ಇವತ್ತಿಗೂ ಬಾದಾಮಿಯ ಬಂಡೆಯ ಮೇಲಿದೆ. ನಮ್ಮ ರಾಜಧಾನಿ ಹನ್ನೆರಡು ಹದಿಮೂರು ವರ್ಷ ಅವರ ಕೈಯಲ್ಲಿತ್ತು.

ಆಮೇಲೆ ಸೇಡು. ಎಂಟನೇ ಶತಮಾನದಲ್ಲಿ ಇಮ್ಮಡಿ ವಿಕ್ರಮಾದಿತ್ಯ ಮೂರು ಸಲ ಕಂಚಿಯ ಮೇಲೆ ಹೋದದ್ದು. ನಮ್ಮ ಪರದೆಯ ದಪ್ಪಕ್ಷರ ಇದೇ. ಇಲ್ಲೊಂದು ವಿಚಿತ್ರ ನೋಡಿ. ಕಂಚಿಯ ಕೈಲಾಸನಾಥ ದೇವಾಲಯದ ಒಂದು ಕಂಬದ ಮೇಲೆ ಕನ್ನಡ ಶಾಸನ ಇದೆ. ತಮಿಳು ನಾಡಿನ ನಡುವೆ, ಪಲ್ಲವರ ಗುಡಿಯೊಳಗೆ, ಕನ್ನಡ! ಅದರಲ್ಲಿರೋದು ಏನು? ವಿಕ್ರಮಾದಿತ್ಯ ಈ ದೇವರ ಸಂಪತ್ತನ್ನು ನೋಡಿ, ಅದನ್ನು ತೆಗೆದುಕೊಳ್ಳದೆ ದೇವರಿಗೇ ಮರಳಿ ಬಿಟ್ಟ ಅಂತ. ನಾನು ಆ ಕಾರ್ಯಕ್ರಮದಲ್ಲಿ ಇದನ್ನೇ ಎತ್ತಿ ಹಿಡಿದು, ನೋಡಿ ನಮ್ಮ ರಾಜನ ದೊಡ್ಡತನ ಅಂದಿದ್ದೆ. ದೊಡ್ಡತನ ಹೌದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಈಗ ಅದನ್ನೇ ಓದಿದರೆ ಬೇರೆ ಪ್ರಶ್ನೆ ಬರುತ್ತೆ. ಬಿಟ್ಟುಬಂದೆ ಅಂತ ಕಲ್ಲಿನಲ್ಲಿ ಕೆತ್ತಿಸಬೇಕಾಗಿ ಬಂತು ಅಂದ್ರೆ, ಬಿಡದೇ ಹೊತ್ತುಕೊಂಡು ಹೋಗೋದೇ ಆಗ ವಾಡಿಕೆ ಆಗಿತ್ತು ಅಂತ ಅಲ್ವಾ? ಮತ್ತೆ ಕೆತ್ತಿಸಿದವನು ಗೆದ್ದವನು. ಕಂಚಿಯ ಸಂತೆಬೀದಿಯ ವ್ಯಾಪಾರಿ ಆವತ್ತು ಏನು ಕಳಕೊಂಡ ಅಂತ ಬರೆಯೋಕೆ ಅವನಿಗೆ ಕಂಬ ಸಿಗಲಿಲ್ಲ.

ಈ ಯುದ್ಧದಿಂದ ಹುಟ್ಟಿದ್ದು ಏನು? ಪಟ್ಟದಕಲ್ಲು. ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ ವಿರೂಪಾಕ್ಷ ಗುಡಿ ಕಟ್ಟಿಸಿದಳು, ಇನ್ನೊಬ್ಬ ರಾಣಿ ತ್ರೈಲೋಕ್ಯಮಹಾದೇವಿ ಪಕ್ಕದಲ್ಲೇ ಮಲ್ಲಿಕಾರ್ಜುನ ಗುಡಿ. ಗಂಡ ಕಂಚಿಯನ್ನು ಮೂರು ಸಲ ಗೆದ್ದನಲ್ಲ, ಆ ನೆನಪು ಅಲ್ಲಿನ ಶಾಸನದಲ್ಲೇ ಇದೆ. ಕಂಚಿಯ ಕೈಲಾಸನಾಥ ಗುಡಿಯ ಛಾಯೆ ವಿರೂಪಾಕ್ಷದಲ್ಲಿ ಕಾಣುತ್ತೆ, ಇಲ್ಲಿಂದ ಮುಂದೆ ಎಲ್ಲೋರದ ಕೈಲಾಸದ ಕಡೆಗೆ ಗೆರೆ ಎಳೆಯಬಹುದು. ಪಟ್ಟದಕಲ್ಲಿಗೆ ಹೋದಾಗೆಲ್ಲ ನನಗೆ ಮೈ ಜುಮ್ಮೆನ್ನುತ್ತೆ, ಸುಳ್ಳು ಹೇಳಲ್ಲ. ಹೀಗಿರುವಾಗ ಯುದ್ಧದಿಂದ ಒಳ್ಳೆಯದೇ ಆಗಲಿಲ್ಲ ಅಂತ ಹೇಗೆ ಹೇಳೋದು? ಹೇಳೋಕಾಗಲ್ಲ. ರೈಲಿನ ವಾದ ಮಾಡಿದ ನಮ್ಮ ಅತಿಥಿ ಹೇಳಿದ್ದೂ ಇದೇ ತಾನೆ? ಅವರ ಮಾತು ನಮಗೆ ಸಿಟ್ಟು ತರಿಸಿತು. ಪಟ್ಟದಕಲ್ಲಿನ ಮುಂದೆ ನಿಂತಾಗ ಮಾತ್ರ ಅದೇ ವಾದ ನಮ್ಮ ಬಾಯಲ್ಲೂ ಬರುತ್ತೆ.

ಈಗ ತಿರುಗುಮುರುಗು ಮಾಡಿ. ಹಾವೇರಿ ಜಿಲ್ಲೆಯ ಹೊಟ್ಟೂರಿನಲ್ಲಿ 1007ರ ಒಂದು ಕನ್ನಡ ಶಾಸನ ಸಿಕ್ಕಿದೆ. ಕಲ್ಯಾಣದ ಚಾಲುಕ್ಯ ಸತ್ಯಾಶ್ರಯನ ಕಾಲದ್ದು. ಚೋಳರ ಸೇನೆ ಒಂಬತ್ತು ಲಕ್ಷ ಜನರೊಂದಿಗೆ ಬಂದು ನಾಡನ್ನು ಸೂರೆ ಮಾಡಿತು, ಹೆಂಗಸರನ್ನು, ಮಕ್ಕಳನ್ನು, ಬ್ರಾಹ್ಮಣರನ್ನು ಕೊಂದಿತು ಅಂತ ಅದರಲ್ಲಿದೆ. ಒಂಬತ್ತು ಲಕ್ಷ ಅನ್ನೋದು ಸೋತವರ ಅತಿಶಯೋಕ್ತಿ, ಅಷ್ಟು ಜನಕ್ಕೆ ಅನ್ನ ಹಾಕೋದು ಆ ಕಾಲದ ಯಾವ ರಾಜನಿಗೂ ಆಗ್ತಿರಲಿಲ್ಲ. ಆದರೆ ಸಂಕಟ ಅತಿಶಯೋಕ್ತಿ ಅಲ್ಲ. ಅದೇ ಹೊತ್ತಿಗೆ ತಂಜಾವೂರಿನಲ್ಲಿ ರಾಜರಾಜ ಚೋಳ ಬೃಹದೀಶ್ವರ ಕಟ್ಟಿಸ್ತಿದ್ದ. 1010ರಲ್ಲಿ ಅದು ಮುಗಿಯಿತು. ಸತ್ಯಾಶ್ರಯನನ್ನು ಗೆದ್ದು ಬಂದಾಗ ದೇವರಿಗೆ ಅರ್ಪಿಸಿದ ಚಿನ್ನದ ಹೂಗಳ ಪ್ರಸ್ತಾಪ ಅಲ್ಲಿನ ಶಾಸನಗಳಲ್ಲಿದೆ. ಆ ಚಿನ್ನದ ಹೂವಿನ ಬೇರು ಎಲ್ಲಿತ್ತು ಅಂತ ಹೊಟ್ಟೂರಿನವರನ್ನು ಕೇಳಬೇಕು. ಪಟ್ಟದಕಲ್ಲು ಮತ್ತು ತಂಜಾವೂರಿನ ಬೃಹದೀಶ್ವರ, ಎರಡೂ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿದ್ದು ಒಂದೇ ವರ್ಷ, 1987ರಲ್ಲಿ.

ಇನ್ನೂ ಒಂದು ಇದೆ. ಮುಂದೆ ಚೋಳ ರಾಜಾಧಿರಾಜ ನಮ್ಮ ಕಲ್ಯಾಣಕ್ಕೇ ಬೆಂಕಿ ಇಟ್ಟ. ಈಗಿನ ಬಸವಕಲ್ಯಾಣ. ಅಲ್ಲಿಂದ ಒಂದು ದ್ವಾರಪಾಲಕನ ವಿಗ್ರಹವನ್ನು ಹೊತ್ತುಕೊಂಡು ಹೋದ. ಕಲ್ಯಾಣಪುರವನ್ನು ಸುಟ್ಟು ತಂದದ್ದು ಅಂತ ಆ ಕಲ್ಲಿನ ಮೇಲೆ ತಮಿಳಿನಲ್ಲಿ ಕೆತ್ತಿಸಿದ್ದಾರೆ. ಅದು ಕುಂಭಕೋಣದ ಹತ್ತಿರ ದಾರಾಸುರದ ಗುಡಿ ಸೇರಿ, ಈಗ ತಂಜಾವೂರಿನ ಅರಮನೆಯ ಕಲಾಶಾಲೆಯಲ್ಲಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಇಂಗ್ಲಿಷರು ಟಿಪ್ಪುವಿನ ಮರದ ಹುಲಿಯನ್ನು ಹೊತ್ತುಕೊಂಡು ಹೋದರಲ್ಲ, ಈಗಲೂ ಲಂಡನ್ನಿನ ಮ್ಯೂಸಿಯಂನಲ್ಲಿದೆಯಲ್ಲ, ಕೆಲಸ ಅದೇ. ಹುಲಿ ಬರಬೇಕು ಅಂತ ಹೋದ ವಾರ ನಾನು ಟೇಬಲ್ ಗುದ್ದಿ ಮಾತಾಡಿದೆ. ದ್ವಾರಪಾಲಕನ ಹೆಸರು ನಾನು ಎತ್ತಲಿಲ್ಲ, ಪ್ಯಾನೆಲ್ಲಿನಲ್ಲಿ ಯಾರೂ ಎತ್ತಲಿಲ್ಲ.

ಇಲ್ಲಿ ಕೆಲವರು ಹೇಳ್ತಾರೆ, ಅದು ಬೇರೆ ಇದು ಬೇರೆ, ಚೋಳರು ಪಲ್ಲವರು ಚಾಲುಕ್ಯರು ಒಂದೇ ಮಣ್ಣಿನವರು, ಒಂದೇ ದೇವರಿಗೆ ಕೈ ಮುಗಿಯೋರು, ದೋಚಿದ್ದು ಇಲ್ಲೇ ಉಳೀತು, ಇಂಗ್ಲಿಷರು ಹಡಗು ಹತ್ತಿಸಿ ಕಳಿಸಿದರು ಅಂತ. ಇದರಲ್ಲಿ ಸತ್ಯ ಇದೆ, ನಾನು ತಳ್ಳಿಹಾಕಲ್ಲ. ವರ್ಷ ವರ್ಷ ಸಂಪತ್ತು ದೇಶದಿಂದ ಹೊರಕ್ಕೆ ಸೋರಿಹೋಗುವುದನ್ನು ದಾದಾಭಾಯಿ ನವರೋಜಿ ಲೆಕ್ಕ ಹಾಕಿ ತೋರಿಸಿದರು. ಸೂರೆ ಮಾಡಿ ಹೋಗುವವನು ಬೇರೆ, ಕೂತು ಕಾಯಿದೆ ಮಾಡಿ ನೂರೈವತ್ತು ವರ್ಷ ಹೀರುವವನು ಬೇರೆ. ಬಣ್ಣ ನೋಡಿ ಕೀಳು ಅಂದದ್ದೂ ಬೇರೆ. ಈ ವ್ಯತ್ಯಾಸಗಳನ್ನು ನಾನು ಮರೆಯೋನಲ್ಲ. ಆದರೆ ಒಂದೇ ಮಣ್ಣು ಅನ್ನುವ ಮಾತನ್ನು ನಮ್ಮೂರುಗಳ ವೀರಗಲ್ಲುಗಳ ಮುಂದೆ ನಿಂತು ಹೇಳಿ ನೋಡೋಣ.

ನೀವು ಹಳ್ಳಿಯವರಾದರೆ ಊರಾಚೆ, ಕೆರೆ ಏರಿಯ ಮೇಲೆ, ಹನುಮಪ್ಪನ ಗುಡಿ ಪಕ್ಕ ಅರ್ಧ ಹೂತುಹೋದ ಒಂದು ಕಲ್ಲು ನೋಡಿರ್ತೀರಿ. ಮೂರು ಅಂತಸ್ತು. ಕೆಳಗೆ ಒಬ್ಬ ಬಿಲ್ಲು ಹಿಡಿದು ನಿಂತಿರ್ತಾನೆ, ಒಂದು ಮೂಲೆಯಲ್ಲಿ ಹಸುಗಳು. ನಡುವೆ ಅಪ್ಸರೆಯರು ಅವನನ್ನು ಮೇಲಕ್ಕೆ ಒಯ್ತಾರೆ. ಮೇಲೆ ಶಿವಲಿಂಗ. ಆ ಕಲ್ಲುಗಳ ಮೇಲಿನ ಹಳಗನ್ನಡದಲ್ಲಿ ಮೂರು ಪದ ಮತ್ತೆ ಮತ್ತೆ ಬರುತ್ತವೆ. ತುರುಗೋಳ್ ಅಂದ್ರೆ ದನ ಹೊಡೆದುಕೊಂಡು ಹೋಗೋದು. ಊರಳಿವು ಅಂದ್ರೆ ಊರು ನಾಶವಾಗೋದು. ಪೆಣ್ಬುಯ್ಯಲ್ ಅಂದ್ರೆ ಹೆಂಗಸರ ಗೋಳು, ಅವರ ಮೇಲೆ ಕೈ ಬಿದ್ದಾಗ ಏಳುವ ಹುಯ್ಯಲು. ಇದಕ್ಕೆಲ್ಲ ಒಂದೊಂದು ಪಾರಿಭಾಷಿಕ ಪದ ಬೇಕಾಗುವಷ್ಟು ಸಾಮಾನ್ಯವಾಗಿತ್ತು ಅಂದ್ರೆ ನೀವೇ ಯೋಚನೆ ಮಾಡಿ. ಬಂದವರು ಇಂಗ್ಲಿಷರಲ್ಲ. ಎಷ್ಟೋ ಸಲ ಪಕ್ಕದ ನಾಡಿನವರು, ಇದೇ ಕನ್ನಡ ಆಡುವವರು. ಹಸು ಹೋದ ಮನೆಗೆ, ಹೊಡೆದುಕೊಂಡು ಹೋದವನ ಭಾಷೆ ಯಾವುದಾದರೇನು?

ನನ್ನ ಖರ್ಚು ಲಾಭದ ಲೆಕ್ಕ ಕೆಡೋದು ಇಲ್ಲೇ. ಫ್ಯಾಕ್ಟರಿ ಲೆಕ್ಕದಲ್ಲಿ ಹಾಕಿದವನೇ ತೆಗೆಯುವವನು, ಅದಕ್ಕೇ ಕಳೆಯಬಹುದು. ಇಲ್ಲಿ ಖರ್ಚು ಬರೆದದ್ದು 642ರ ಬಾದಾಮಿಯವನ ಹೆಸರಿಗೆ, 1007ರ ಹೊಟ್ಟೂರಿನವಳ ಹೆಸರಿಗೆ, 1877ರಲ್ಲಿ ಹಸಿದು ಬೆಂಗಳೂರಿನ ಕಡೆ ನಡೆದವರ ಹೆಸರಿಗೆ. ಲಾಭ ಬರೆದದ್ದು ನನ್ನ ಹೆಸರಿಗೆ, ಟಿಕೆಟ್ ತಗೊಂಡು ಪಟ್ಟದಕಲ್ಲು ನೋಡುವವನ, ರೈಲು ಹತ್ತುವವನ ಹೆಸರಿಗೆ. ಇಬ್ಬರ ಖಾತೆ ಬೇರೆ. ಅವನ ಸಾವನ್ನು ನನ್ನ ಸಂತೋಷದಿಂದ ಕಳೆಯೋಕೆ ನನಗೆ ಯಾರು ಅಧಿಕಾರ ಕೊಟ್ಟರು?

ಗೆದ್ದವನೇ ಈ ಲೆಕ್ಕ ಬರೆದು, ತಪ್ಪಾಯಿತು ಅಂದ ಉದಾಹರಣೆ ಇಲ್ವಾ ಅಂತ ನೀವು ಕೇಳಬಹುದು. ಇದೆ. ಜಗತ್ತಿನಲ್ಲೇ ಅಪರೂಪದ್ದು. ಅಶೋಕ.

ಕ್ರಿ.ಪೂ. 261ರ ಸುಮಾರಿಗೆ ಅವನು ಕಳಿಂಗವನ್ನು ಗೆದ್ದ. ಅವನ 13ನೇ ಬಂಡೆ ಶಾಸನದಲ್ಲಿ ಅಂಕಿಸಂಖ್ಯೆ ಅವನೇ ಕೊಟ್ಟಿದ್ದಾನೆ: ಒಂದೂವರೆ ಲಕ್ಷ ಜನರನ್ನು ಅಲ್ಲಿಂದ ಎಬ್ಬಿಸಿ ಸಾಗಿಸಲಾಯಿತು, ಒಂದು ಲಕ್ಷ ಜನ ಅಲ್ಲೇ ಹತರಾದರು, ಅದರ ಎಷ್ಟೋ ಪಟ್ಟು ಜನ ಆಮೇಲೆ ಸತ್ತರು. ಇದರಿಂದ ನನಗೆ ದುಃಖವಾಗಿದೆ ಅಂದ. ಸತ್ತವರ ನಂಟರಿಗೆ, ಗೆಳೆಯರಿಗೆ ಆದ ನೋವನ್ನೂ ಲೆಕ್ಕಕ್ಕೆ ಹಿಡಿದ. ಎರಡು ಸಾವಿರದ ಇನ್ನೂರು ವರ್ಷದ ಹಿಂದೆ ಒಬ್ಬ ಚಕ್ರವರ್ತಿ ಇಷ್ಟು ಹೇಳಿದ ಅಂದ್ರೆ ಸಣ್ಣ ಮಾತಲ್ಲ. ಶಾಲೆಯಲ್ಲಿ ನಾವೆಲ್ಲ ಓದಿರುವ ಅಶೋಕ ಇವನೇ.

ಶಾಲೆಯಲ್ಲಿ ಹೇಳದ ಒಂದೆರಡು ವಿಷಯ ಹೇಳ್ತೀನಿ. ದುಃಖ ಆಯಿತು ಅಂದವನು ಕಳಿಂಗವನ್ನು ವಾಪಸ್ ಕೊಡಲಿಲ್ಲ. ಎಬ್ಬಿಸಿದ ಒಂದೂವರೆ ಲಕ್ಷ ಜನ ಮನೆಗೆ ಮರಳಲಿ ಅನ್ನುವ ಮಾತು ಆ ಶಾಸನದಲ್ಲಿಲ್ಲ. ಅದೇ ಶಾಸನದಲ್ಲಿ ಕಾಡಿನ ಜನರಿಗೆ ಒಂದು ಎಚ್ಚರಿಕೆ ಇದೆ: ಪಶ್ಚಾತ್ತಾಪ ಪಟ್ಟಿದ್ದರೂ ನನ್ನ ಕೈಯಲ್ಲಿ ಬಲ ಇದೆ, ನೆಟ್ಟಗಿರಿ ಅನ್ನುವ ಅರ್ಥದ್ದು. ಇನ್ನೊಂದು ಸಂಗತಿ ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಆ 13ನೇ ಶಾಸನ ವಾಯವ್ಯದ ಗಡಿಯಲ್ಲಿದೆ, ಗುಜರಾತಿನ ಗಿರ್ನಾರಿನಲ್ಲಿದೆ. ಕಳಿಂಗದಲ್ಲಿ ಮಾತ್ರ ಇಲ್ಲ! ಒಡಿಶಾದ ಧೌಲಿ ಮತ್ತು ಜೌಗಡದ ಬಂಡೆಗಳ ಮೇಲೆ ಉಳಿದ ಶಾಸನಗಳಿವೆ, 11, 12, 13 ಬಿಟ್ಟುಹೋಗಿವೆ. ಅವುಗಳ ಜಾಗದಲ್ಲಿ ಎರಡು ಪ್ರತ್ಯೇಕ ಶಾಸನ ಕೆತ್ತಿಸಿದ್ದಾರೆ. ಎಲ್ಲ ಜನರೂ ನನ್ನ ಮಕ್ಕಳು ಅಂತ ಅಶೋಕ ಅಂದದ್ದು ಅವುಗಳಲ್ಲೇ. ಯಾರನ್ನೂ ವಿನಾಕಾರಣ ಸೆರೆಯಲ್ಲಿ ಇಡಬೇಡಿ ಅಂತ ಅಧಿಕಾರಿಗಳಿಗೆ ಹೇಳಿದ್ದಾನೆ. ಒಳ್ಳೆಯ ಮಾತು, ಒಳ್ಳೆಯ ಆಡಳಿತ. ಆದರೆ ತಪ್ಪಾಯಿತು ಅನ್ನೋದನ್ನು ಊರೆಲ್ಲ ಕೇಳಿತು, ಯಾರಿಗೆ ತಪ್ಪಾಗಿತ್ತೋ ಅವರ ಮನೆ ಮುಂದಿನ ಬಂಡೆ ಹೇಳಲಿಲ್ಲ. ಕೊಂದ ಲೆಕ್ಕ ಅಲ್ಲಿ ಓದಿಸಿದರೆ ಮತ್ತೆ ದಂಗೆ ಏಳ್ತಾರೆ ಅನ್ನುವ ಭಯವೋ, ಅಥವಾ ಅವರ ಗಾಯ ಕೆದಕಬಾರದು ಅನ್ನುವ ದಾಕ್ಷಿಣ್ಯವೋ. ನನಗೆ ಮೊದಲನೆಯದೇ ಸರಿ ಅನ್ನಿಸುತ್ತೆ, ನೀವು ಒಪ್ಪದೇ ಇರಬಹುದು.

2019ರಲ್ಲಿ ಜಲಿಯನ್‌ವಾಲಾಬಾಗ್‌ಗೆ ನೂರು ವರ್ಷ ತುಂಬಿದಾಗ ಬ್ರಿಟನ್ನಿನ ಪ್ರಧಾನಿ ಥೆರೆಸಾ ಮೇ ಅವರ ಪಾರ್ಲಿಮೆಂಟಿನಲ್ಲಿ ವಿಷಾದ ಹೇಳಿದರು. ಕ್ಷಮೆ ಕೇಳಲಿಲ್ಲ. ಹೇಳಿದ್ದು ಲಂಡನ್ನಿನಲ್ಲಿ, ಅಮೃತಸರದಲ್ಲಿ ಅಲ್ಲ.

ಇನ್ನು ಕಳಿಂಗದವರೇನು ಸುಮ್ಮನಿದ್ದರಾ? ಧೌಲಿಯಿಂದ ಹೆಚ್ಚು ದೂರವಿಲ್ಲ, ಭುವನೇಶ್ವರದ ಪಕ್ಕ ಉದಯಗಿರಿಯ ಹಾಥಿಗುಂಫಾ ಗುಹೆಯಲ್ಲಿ ಖಾರವೇಲ ಅನ್ನುವ ಕಳಿಂಗದ ರಾಜನ ಶಾಸನ ಇದೆ. ಅಶೋಕನ ಆಮೇಲಿನವನು. ಮಗಧದ ಮೇಲೆ ಹೋದೆ, ಹಿಂದೆ ನಂದರಾಜ ಹೊತ್ತುಕೊಂಡು ಹೋಗಿದ್ದ ಕಳಿಂಗದ ಜಿನನ ವಿಗ್ರಹವನ್ನು ವಾಪಸ್ ತಂದೆ ಅಂತ ಅವನು ಕೊಚ್ಚಿಕೊಂಡಿದ್ದಾನೆ. ಆನೆಗಳನ್ನು ನುಗ್ಗಿಸಿದ ಕತೆ, ಶತ್ರುಗಳು ನಡುಗಿದ ಕತೆ. ಪೆಟ್ಟು ತಿಂದ ನಾಡಿಗೆ ಕೈಯಲ್ಲಿ ಬಲ ಬಂದಾಗ ಅದೂ ಬಂಡೆ ಹುಡುಕಿತು.

ನಮ್ಮ ವಿಶೇಷ ಕಾರ್ಯಕ್ರಮವನ್ನು ತೆಗೆದುಹಾಕಬೇಕೋ ಅಂತ ಯೋಚಿಸಿದೆ. ತೆಗೆಯಲಿಲ್ಲ. ಪುಲಕೇಶಿ ನರ್ಮದೆಯ ದಂಡೆಯಲ್ಲಿ ಹರ್ಷನನ್ನು ತಡೆದದ್ದು ನನಗೆ ಈಗಲೂ ಹೆಮ್ಮೆಯೇ, ಯಾಕಂದ್ರೆ ಅಲ್ಲಿ ಅವನು ತಡೆದ. ಕಂಚಿಗೆ ಹೋದದ್ದನ್ನು ಅದೇ ಗಂಟಲಲ್ಲಿ ಹೇಳೋಕೆ ಇನ್ನು ನನ್ನಿಂದಾಗಲ್ಲ. ಆ ದಪ್ಪಕ್ಷರ ತೆಗೆಸಿದ್ದೀನಿ, ಕತ್ತಿಯ ಸದ್ದೂ ತೆಗೆಸಿದ್ದೀನಿ. ಹೊಟ್ಟೂರಿನ ಶಾಸನದ ಬಗ್ಗೆ, ದ್ವಾರಪಾಲಕನ ಬಗ್ಗೆ ಎರಡು ನಿಮಿಷ ಸೇರಿಸಿದ್ದೀವಿ, ಹಾಗೇ 642ರ ಬಗ್ಗೆಯೂ. ಮೆಸೇಜ್ ಕಳಿಸಿದ ಸರ್, ಮತ್ತೊಮ್ಮೆ ನೋಡಿ, ಸರಿ ಇಲ್ಲದಿದ್ದರೆ ಮತ್ತೆ ಬರೆಯಿರಿ.

ಅಶೋಕನ ಮಾತು ಮುಗಿಸುವ ಮುಂಚೆ ಇನ್ನೊಂದೇ ವಿಷಯ. ಕಳಿಂಗದಲ್ಲಿ ಕೆತ್ತಿಸಿದ ಆ ಎರಡು ಪ್ರತ್ಯೇಕ ಶಾಸನಗಳ ಪ್ರತಿ ನಮ್ಮಲ್ಲೂ ಇದೆ. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ, ಭೀಮಾ ನದಿಯ ದಂಡೆಯಲ್ಲಿ. ಅಲ್ಲಿನ ಚಂದ್ರಲಾಂಬಾ ದೇವಸ್ಥಾನದ ಆವರಣದಲ್ಲಿ ಕಾಳಿ ಗುಡಿಯ ಚಾವಣಿ 1986ರಲ್ಲಿ ಕುಸಿಯಿತು. ವಿಗ್ರಹದ ಕೆಳಗಿದ್ದ ಪೀಠದ ಕಲ್ಲು ನೋಡಿದರೆ ಅದರ ಎರಡೂ ಮೈ ಮೇಲೆ ಬ್ರಾಹ್ಮಿ ಅಕ್ಷರ. 12 ಮತ್ತು 14ನೇ ಶಾಸನಗಳ ಭಾಗ, ಜೊತೆಗೆ ಆ ಎರಡು ಪ್ರತ್ಯೇಕ ಶಾಸನ. ದುಃಖದ 13ನೆಯದು ಅದರ ಮೇಲೆ ಸಿಕ್ಕಿಲ್ಲ. ಯಾವುದೋ ಕಾಲದಲ್ಲಿ ಯಾರೋ ಒಬ್ಬ ಕಲ್ಲುಕುಟಿಗ, ಅಕ್ಷರ ಯಾರದ್ದು ಅಂತ ಗೊತ್ತಿಲ್ಲದೆ, ದೇವಿಯನ್ನು ಭದ್ರವಾಗಿ ನಿಲ್ಲಿಸೋಕೆ ಅಂತ ಚಕ್ರವರ್ತಿಯ ಮಾತಿನ ನಟ್ಟನಡುವೆ ಒಂದು ಚೌಕದ ತೂತು ಕೊರೆದಿದ್ದಾನೆ.